ಮನೆಯ ಮರಕ್ಕೆ ಮನೆಯ ಸಾಮಿಲ್ಲು: ಕೊಳ್ಳುವ ಮೊದಲು ಅಳೆಯಬೇಕಾದದ್ದು

ಆಟಿ ತಿಂಗಳ ಗಾಳಿಮಳೆಗೆ ತೋಟದ ಅಂಚಿನ ಹಲಸಿನ ಮರವೊಂದು ಬುಡಸಹಿತ ಬಿದ್ದರೆ ಉಡುಪಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಮರದ ವ್ಯಾಪಾರಿ ಬಂದು ನೋಡಿ, ರಸ್ತೆಯವರೆಗೆ ಎಳೆದು ತರುವ ಖರ್ಚನ್ನು ಮೊದಲೇ ಕಳೆದು, ಸೌದೆಗಿಂತ ತುಸು ಮೇಲಿನ ಬೆಲೆ ಹೇಳುತ್ತಾನೆ, ಮನೆಯವರು ಬೇರೆ ದಾರಿಯಿಲ್ಲದೆ ಒಪ್ಪುತ್ತಾರೆ, ಎರಡು ವರ್ಷ ಕಳೆದು ಕೊಟ್ಟಿಗೆಯ ಮಾಡು ರಿಪೇರಿಗೆ ಬಂದಾಗ ಅದೇ ಮನೆಯವರು ಪೇಟೆಯ ಮಿಲ್ಲಿಗೆ ಹೋಗಿ ಪಕ್ಕಾಸನ್ನೂ (ಮಾಡಿನ ಇಳಿಜಾರು ತೊಲೆ) ರೀಪನ್ನೂ (ಹಂಚಿನ ಅಡಿಯ ಪಟ್ಟಿ) ಘನ ಅಡಿಯ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸಾಗಿಸಬಹುದಾದ ಸಣ್ಣ ಸಾಮಿಲ್ಲೊಂದು ಮನೆಯಲ್ಲೇ ಇದ್ದಿದ್ದರೆ ಬಿದ್ದ ಮರ ಬಿದ್ದಲ್ಲೇ ಹಲಗೆಯಾಗುತ್ತಿತ್ತಲ್ಲ ಎಂಬ ಯೋಚನೆ ಹುಟ್ಟುವುದು ಇಂಥ ಹೊತ್ತಿನಲ್ಲಿ.

ಯೋಚನೆ ತಪ್ಪಲ್ಲ. ಆದರೆ ವಿಡಿಯೊ ನೋಡಿ, ಎಂಜಿನ್ ಎಷ್ಟು ಎಚ್‌ಪಿ ಎಂದು ಕೇಳಿ, ಮುಂಗಡ ಕೊಟ್ಟು ತಂದ ಯಂತ್ರಗಳು ಟಾರ್ಪಾಲಿನ ಅಡಿಯಲ್ಲಿ ತುಕ್ಕು ಹಿಡಿಯುತ್ತ ಕುಳಿತಿರುವುದನ್ನೂ ನಾನು ನೋಡಿದ್ದೇನೆ. ಹಿರಿಯಡಕದ ಒಳಭಾಗದಲ್ಲಿರುವ ನಮ್ಮ ಜಾಗದಲ್ಲಿ ಮೊದಲು ಚೈನ್‌ಸಾ (ಸರಪಳಿ ಗರಗಸದ) ಮಿಲ್ಲನ್ನೂ ಆಮೇಲೆ ಬ್ಯಾಂಡ್‌ಸಾ (ಪಟ್ಟಿ ಗರಗಸದ) ಮಿಲ್ಲನ್ನೂ ಬಳಸಿದ ಮೇಲೆ ನನಗೆ ಖಚಿತವಾದದ್ದೆಂದರೆ ಯಂತ್ರವನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಅದಕ್ಕೂ ಮೊದಲು ನಮ್ಮಲ್ಲಿ ಎಷ್ಟು ಮರವಿದೆ, ಅದು ಎಂಥ ನೆಲದಲ್ಲಿದೆ, ಅದನ್ನು ಕೊಯ್ಯುವ ಹಕ್ಕು ನಮಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಮೊದಲು ಮರದ ಪಟ್ಟಿ

ನಾನು ಯಂತ್ರದ ಮಾತು ತೆಗೆದಾಗ ನಮ್ಮ ಮನೆಯ ಮರಗೆಲಸಕ್ಕೆ ಬರುವ ಆಚಾರ್ರು ಹೇಳಿದ್ದು ಒಂದೇ ಮಾತು: “ಮಿಶನು ಆಮೇಲೆ ನೋಡುವ ಮಾರಾಯ್ರೆ, ಮೊದಲು ನಿಮಗೆ ಎಂತ ಸೈಜು ಬೇಕು ಹೇಳಿ.” ಆ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗ ಒಂದು ಸಂಜೆ ಪೂರ್ತಿ ಬೇಕಾಯಿತು. ಕೊಟ್ಟಿಗೆಯ ಮಾಡಿಗೆ ಹದಿಮೂರು ಅಡಿ ಉದ್ದದ ಪಕ್ಕಾಸು, ಹಂಚು ಕೂರಿಸಲು ಎರಡು ಇಂಚು ಅಗಲ ಒಂದು ಇಂಚು ದಪ್ಪದ ರೀಪು, ಎರಡು ಬಾಗಿಲಿಗೆ ದಾರಂದ, ಅಟ್ಟದ ಮುಚ್ಚಿಗೆಗೆ ಹಲಗೆ, ಊಟದ ಮೇಜಿಗೆ ಒಂದೂವರೆ ಇಂಚಿನ ಅಗಲ ಹಲಗೆ. ಈ ಪಟ್ಟಿಯೇ ಮುಂದೆ ಯಂತ್ರದಲ್ಲಿ ದಿಮ್ಮಿ ಇಡುವ ಹಾಸಿನ ಉದ್ದ, ಕೊಯ್ಯುವ ಅಗಲ, ಬ್ಲೇಡಿನ ದಪ್ಪ ಎಲ್ಲವನ್ನೂ ತೀರ್ಮಾನಿಸಿತು. ಹನ್ನೆರಡು ಅಡಿಯವರೆಗೆ ಮಾತ್ರ ಕೊಯ್ಯುವ ಹಾಸನ್ನು ತಂದಿದ್ದರೆ ನಮ್ಮ ಪಕ್ಕಾಸು ಒಂದೂ ಆಗುತ್ತಿರಲಿಲ್ಲ.

ಬೇಕಾದದ್ದನ್ನು ಬರೆದ ಮೇಲೆ ಇರುವುದನ್ನು ಅಳೆಯಬೇಕು. ಟೇಪು ಹಿಡಿದು ಜಾಗ ಸುತ್ತಿ, ಮುಂದಿನ ಐದು ವರ್ಷಗಳಲ್ಲಿ ಕಡಿಯಬಹುದಾದ ಮತ್ತು ಈಗಾಗಲೇ ಬಿದ್ದಿರುವ ಮರಗಳ ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲೂ ನೇರವಾಗಿರುವ ಉದ್ದವನ್ನು ಅಡಿಯಲ್ಲೂ ಬರೆದುಕೊಳ್ಳಿ. ಮರದ ವ್ಯಾಪಾರದಲ್ಲಿ ರೂಢಿಯಲ್ಲಿರುವ ಲೆಕ್ಕ ಇದು: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 60 ಇಂಚು ಸುತ್ತಳತೆಯ 10 ಅಡಿ ದಿಮ್ಮಿಗೆ 15×15×10÷144, ಅಂದರೆ ಸುಮಾರು 15.6 ಘನ ಅಡಿ. ಆ ದಿಮ್ಮಿಯ ನಿಜವಾದ ಗಾತ್ರ ಸುಮಾರು 20 ಘನ ಅಡಿ ಇರುತ್ತದೆ. ದುಂಡು ಮರವನ್ನು ಚೌಕ ಮಾಡುವಾಗ ಹೊರಚೆಕ್ಕೆಯಾಗಿ ಹೋಗುವುದನ್ನು ಈ ಲೆಕ್ಕ ಮೊದಲೇ ಬಿಟ್ಟುಕೊಡುವುದರಿಂದ ಮನೆಬಳಕೆಯ ಅಂದಾಜಿಗೆ ಇದೇ ಒಳ್ಳೆಯದು.

ಒಟ್ಟು ಮೊತ್ತ ನೂರು ಘನ ಅಡಿಯೊಳಗಿದ್ದರೆ ಯಂತ್ರ ಕೊಳ್ಳಬೇಡಿ. ಮರ ಕೊಯ್ಯುವವರನ್ನು ಕರೆಸಿ ಅಥವಾ ಪರವಾನಗಿ ಇರುವ ಮಿಲ್ಲಿಗೆ ಸಾಗಿಸಿ. ಐದು ವರ್ಷಕ್ಕೆ ಮುನ್ನೂರು ನಾನೂರು ಘನ ಅಡಿ ಇದ್ದು, ಮೈಯಲ್ಲಿ ಶಕ್ತಿಯೂ ಇದ್ದರೆ ಚೈನ್‌ಸಾ ಮಿಲ್ಲು ಸಾಕು. ಪ್ರತಿವರ್ಷವೂ ಇನ್ನೂರು ಘನ ಅಡಿ ಕೊಯ್ಯುವಷ್ಟು ಅಕೇಶಿಯಾವೋ ಗಾಳಿಮರವೋ ಗುಡ್ಡೆಯಲ್ಲಿದ್ದರೆ ಮಾತ್ರ ಬ್ಯಾಂಡ್‌ಸಾ ಮಿಲ್ಲಿನ ಬೆಲೆ ಕೇಳಲು ಅರ್ಥವಿದೆ. ಇದು ನನ್ನ ಅಂದಾಜು. ಯಂತ್ರ ಮಾರುವವರು ಇದಕ್ಕಿಂತ ಉದಾರವಾಗಿ ಲೆಕ್ಕ ಹಾಕುತ್ತಾರೆ.

ಯಾವ ಮರ ಎಂಬುದೂ ಮುಖ್ಯ. ಮಾವು, ಧೂಪ, ರಬ್ಬರ್ ಕೊಯ್ಯಲು ಸುಲಭ. ಆದರೆ ರಬ್ಬರ್ ಮರವನ್ನು ಕಡಿದ ಕೆಲವೇ ದಿನಗಳಲ್ಲಿ ಕೊಯ್ದು ಬೋರಾಕ್ಸ್-ಬೋರಿಕ್ ದ್ರಾವಣದಲ್ಲಿ ನೆನೆಸದಿದ್ದರೆ ನೀಲಿ ಬೂಷ್ಟೂ ಹುಡಿ ಉದುರಿಸುವ ಹುಳುವೂ ತಪ್ಪಿದ್ದಲ್ಲ. ಹಲಸು ಮತ್ತು ಹೆಬ್ಬಲಸು ಕೊಯ್ಯಲು ಹಿತವಾದ ಮರಗಳೇ, ಆದರೆ ಹಸಿಯಿದ್ದಾಗ ಅವುಗಳ ಮೇಣ ಬ್ಲೇಡಿಗೆ ಅಂಟಿ ಬ್ಲೇಡನ್ನು ಬಿಸಿಮಾಡುತ್ತದೆ. ಕಿರಾಲಭೋಗಿ, ಮತ್ತಿ, ಒಣಗಿದ ಗಾಳಿಮರ ಇವು ಎಂಜಿನ್ನಿನ ನಿಜವಾದ ಬಲವನ್ನು ಪರೀಕ್ಷಿಸುತ್ತವೆ. ತೆಂಗು ಬೇರೆಯೇ ಜಾತಿ: ಹೊರಗಿನ ಎರಡು ಮೂರು ಇಂಚು ಕಬ್ಬಿಣದಂತೆ, ಒಳಗಿನದು ಬೆಂಡಿನಂತೆ, ಮೈಯೆಲ್ಲ ಸಿಲಿಕಾ. ಸಾಮಾನ್ಯ ಹಲ್ಲು ತೆಂಗಿನ ಮರದಲ್ಲಿ ಬೇಗನೆ ಮೊಂಡಾಗುತ್ತದೆ. ತೆಂಗನ್ನೇ ಹೆಚ್ಚು ಕೊಯ್ಯುವವರು ಕಾರ್ಬೈಡ್ ಹಲ್ಲಿನ ಚೈನು ಅಥವಾ ಬ್ಲೇಡು ಸಿಗುವ ಯಂತ್ರವನ್ನೇ ಹುಡುಕಬೇಕು.

ಕಾಗದಪತ್ರ

ಈ ಭಾಗವನ್ನು ಬಿಟ್ಟು ಮುಂದೆ ಓದುವ ಆಸೆ ಸಹಜ, ಆದರೆ ಯಂತ್ರಕ್ಕಿಂತ ದುಬಾರಿಯಾಗುವ ತಪ್ಪು ನಡೆಯುವುದು ಇಲ್ಲಿಯೇ. ದುಂಡು ಮರವನ್ನು ಹಲಗೆ ಮಾಡುವ ಕೆಲಸ ನಮ್ಮ ದೇಶದಲ್ಲಿ ಪರವಾನಗಿಯ ಅಡಿಯಲ್ಲಿ ಬರುತ್ತದೆ. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ, ಅದರ ಬೆನ್ನಿಗೆ ಬಂದ 2002ರ ಆದೇಶ ಮತ್ತು 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮರ ಆಧಾರಿತ ಉದ್ಯಮಗಳ ಮಾರ್ಗಸೂಚಿ, ಇವುಗಳಿಂದಾಗಿ ಹೊಸ ಸಾಮಿಲ್ಲಿನ ಅರ್ಜಿಗಳು ಈಗ ರಾಜ್ಯಮಟ್ಟದ ಸಮಿತಿಯ ಮುಂದೆ ಹೋಗುತ್ತವೆ. ಯಂತ್ರಕ್ಕೆ ಚಕ್ರವಿದೆ, ಮನೆಬಳಕೆಗೆ ಮಾತ್ರ ಎಂದು ಮಾರಾಟಗಾರ ಹೇಳಿದನೆಂಬ ಕಾರಣಕ್ಕೆ ವಿನಾಯಿತಿ ಇದೆಯೆಂದು ನಾವೇ ತೀರ್ಮಾನಿಸಿಕೊಳ್ಳಬಾರದು. ಮುಂಗಡ ಕೊಡುವ ಮೊದಲು ಯಂತ್ರದ ವಿವರ, ಕೊಯ್ಯುವ ಮರಗಳ ಪಟ್ಟಿ, ಜಾಗದ ಸರ್ವೆ ನಂಬರು ಬರೆದು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಕಚೇರಿಯ ಜಗಲಿಯಲ್ಲಿ ಬಾಯಿಮಾತಿನಲ್ಲಿ ಸಿಕ್ಕಿದ “ಆಯ್ತು, ಮಾಡಿ” ಎಂಬ ಉತ್ತರ ಆ ಅಧಿಕಾರಿಗೆ ವರ್ಗಾವಣೆಯಾದ ದಿನವೇ ಮುಗಿಯುತ್ತದೆ.

ಮರ ಕಡಿಯುವುದಕ್ಕೆ ಬೇರೆಯೇ ಕಾನೂನು ಇದೆ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ತೆಂಗು, ರಬ್ಬರ್, ಗಾಳಿಮರದಂಥ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ಹಲಸು, ಹೆಬ್ಬಲಸು, ಕಿರಾಲಭೋಗಿಗಳಿಗೆ ಅನುಮತಿ ಪಡೆದೇ ಮುಂದುವರಿಯಿರಿ. ತೇಗ, ಬೀಟೆ, ಶ್ರೀಗಂಧದ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ತಾನಾಗಿ ಬಿದ್ದ ಮರವಾದರೂ ಕೊಯ್ಯುವ ಮೊದಲು ಬಿದ್ದ ಸ್ಥಿತಿಯಲ್ಲಿಯೇ ನಾಲ್ಕು ಫೋಟೊ ತೆಗೆದು, ಕಚೇರಿಗೆ ಮಾಹಿತಿ ಕೊಟ್ಟು ಸ್ವೀಕೃತಿ ಪಡೆದಿಡುವುದು ಜಾಣತನ.

ನಮ್ಮ ಜಿಲ್ಲೆಗಳಿಗೇ ಸೀಮಿತವಾದ ತೊಡಕು ಇನ್ನೊಂದಿದೆ. ನಾವು “ನಮ್ಮ ಗುಡ್ಡೆ” ಎನ್ನುವ ಜಾಗ ಹಲವೆಡೆ ವರ್ಗ (ನಮ್ಮ ಹೆಸರಿನ ಪಟ್ಟಾ) ಜಮೀನಲ್ಲ, ಕುಮ್ಕಿ. ವರ್ಗದ ಗಡಿಯಿಂದ 100 ಗಜದೊಳಗಿನ ಆ ಜಾಗದಲ್ಲಿ ಕೃಷಿಕರಿಗೆ ಸೊಪ್ಪು ಸೌದೆ ಮುಂತಾದ ಸವಲತ್ತುಗಳಿವೆಯೇ ಹೊರತು ಒಡೆತನ ಸರ್ಕಾರದ್ದು. ಅಜ್ಜ ನೆಟ್ಟ ಮರವೇ ಆಗಿದ್ದರೂ ಅದು ನಿಂತಿರುವುದು ಕುಮ್ಕಿಯಲ್ಲಾದರೆ ವರ್ಗದ ಮರದಂತೆ ಭಾವಿಸಿ ಗರಗಸ ಹಚ್ಚಲಾಗದು. ನನ್ನ ಮೊದಲ ಪಟ್ಟಿಯಲ್ಲಿದ್ದ ಹದಿನೇಳು ಮರಗಳಲ್ಲಿ ಆರು ಈ ಕಾರಣಕ್ಕೆ ಬಿಟ್ಟುಹೋದವು. ಆರ್‌ಟಿಸಿಯನ್ನೂ ನಕ್ಷೆಯನ್ನೂ ಹಿಡಿದು ಗಡಿಕಲ್ಲು ಹುಡುಕಿದ ಮೇಲೆಯೇ ಅದು ಗೊತ್ತಾದದ್ದು.

ಮೂರು ಬಗೆ, ಮೂರು ಹೊಟ್ಟೆ

ಮನೆಮಟ್ಟದಲ್ಲಿ ಬಳಸುವ ಯಂತ್ರಗಳು ಮೂರು ಬಗೆ. ಚೈನ್‌ಸಾದ ಬಾರಿಗೆ ಒಂದು ಚೌಕಟ್ಟು ಬಿಗಿದು ಮರದ ಉದ್ದಕ್ಕೆ ಎಳೆಯುವ ಚೈನ್‌ಸಾ ಮಿಲ್ಲು, ಅಲಾಸ್ಕನ್ ಮಿಲ್ಲೆಂದು ಹೆಸರಾದದ್ದು. ಹಳಿಯ ಮೇಲೆ ಅಡ್ಡವಾಗಿ ಸರಿಯುವ ಪಟ್ಟಿ ಬ್ಲೇಡಿನ ಬ್ಯಾಂಡ್‌ಸಾ ಮಿಲ್ಲು. ವೃತ್ತಾಕಾರದ ಬ್ಲೇಡು ಒಮ್ಮೆ ನಿಂತು ಒಮ್ಮೆ ಮಲಗಿ ಕೊಯ್ಯುವ ಸ್ವಿಂಗ್ ಬ್ಲೇಡ್ ಮಿಲ್ಲು. ಕೊನೆಯದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದ ಲೂಕಸ್, ನ್ಯೂಜಿಲೆಂಡಿನ ಪೀಟರ್ಸನ್ ಈ ಬಗೆಯ ಹೆಸರುವಾಸಿ ಯಂತ್ರಗಳು. ಅಲುಗಿಸಲಾಗದಷ್ಟು ದೊಡ್ಡ ದಿಮ್ಮಿಯ ಸುತ್ತ ಚೌಕಟ್ಟು ಕಟ್ಟಿ ಕೊಯ್ಯಲು ಇದಕ್ಕಿಂತ ಉತ್ತಮವಾದದ್ದಿಲ್ಲ; ಆದರೆ ನಮ್ಮಲ್ಲಿ ಅಷ್ಟು ದೊಡ್ಡ ಮರ ಕೊಯ್ಯುವ ಅವಕಾಶ ಜೀವಮಾನದಲ್ಲಿ ಒಂದೆರಡು ಸಲ ಬಂದೀತು. ಅದಕ್ಕಾಗಿ ಯಂತ್ರ ತಂದಿಡುವುದು ಮದುವೆಗೆಂದು ಕೊಪ್ಪರಿಗೆ ಕೊಂಡಂತೆ.

ಉಳಿದ ಎರಡರ ನಡುವೆ ಆಯ್ಕೆ ಮಾಡಲು ಬ್ಲೇಡು ಎಷ್ಟು ಮರವನ್ನು ಹುಡಿಮಾಡಿ ತಿನ್ನುತ್ತದೆ ಎಂಬುದನ್ನು ಮೊದಲು ನೋಡಬೇಕು. ಚೈನ್‌ಸಾ ಒಂದು ಕೊಯ್ತಕ್ಕೆ ಸುಮಾರು 9 ಮಿಲಿಮೀಟರ್ ತಿನ್ನುತ್ತದೆ, ಬ್ಯಾಂಡ್‌ಸಾ ಸುಮಾರು 2.5. ನಾಲ್ಕೂ ಬದಿ ಚೌಕ ಮಾಡಿದ 300 ಮಿಲಿಮೀಟರ್ ಎತ್ತರದ ದಿಮ್ಮಿಯಿಂದ 25 ಮಿಲಿಮೀಟರ್ ದಪ್ಪದ ಹಲಗೆ ತೆಗೆದರೆ ಬ್ಯಾಂಡ್‌ಸಾದಲ್ಲಿ ಹನ್ನೊಂದು ಬರುತ್ತವೆ, ಚೈನ್‌ಸಾದಲ್ಲಿ ಒಂಬತ್ತು. ದಪ್ಪ ಹಲಗೆ ತೆಗೆಯುವಾಗ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ರೀಪಿನಂಥ ಸಣ್ಣ ತುಂಡು ತೆಗೆಯುವಾಗ ಹೆಚ್ಚುತ್ತದೆ. ಒಂದು ಇಂಚಿನ ರೀಪನ್ನು ಚೈನ್‌ಸಾದಲ್ಲಿ ಕೊಯ್ದರೆ ಕಾಲು ಭಾಗಕ್ಕೂ ಮಿಕ್ಕಿ ಮರ ಹುಡಿಯಾಗಿಯೇ ಹೋಗುತ್ತದೆ. ಹಾಗಾಗಿ ಮೇಜಿನ ಹಲಗೆ, ತೊಲೆ, ಪಕ್ಕಾಸುಗಳೇ ನಿಮ್ಮ ಪಟ್ಟಿಯಲ್ಲಿ ಹೆಚ್ಚಿದ್ದರೆ ಚೈನ್‌ಸಾಗೆ ಮರುಗಬೇಕಿಲ್ಲ. ರೀಪು ಮತ್ತು ಮುಚ್ಚಿಗೆಯೇ ಹೆಚ್ಚಿದ್ದರೆ ಬ್ಯಾಂಡ್‌ಸಾ ಬೇಕು.

ಚೈನ್‌ಸಾ ಮಿಲ್ಲಿನ ಗುಣ ಅದರ ತೂಕದಲ್ಲಿದೆ. ಅಡಿಕೆ ತೋಟದ ಕಣಿಗಳನ್ನು ದಾಟಿ, ಸಂಕದ ಮೇಲೆ ನಡೆದು, ಒಬ್ಬನೇ ಹೊತ್ತೊಯ್ಯಬಹುದು. ಆದರೆ ಕೊಂಬೆ ಕಡಿಯಲು ಇಟ್ಟುಕೊಂಡ ಸಣ್ಣ ಚೈನ್‌ಸಾಗೆ ಚೌಕಟ್ಟು ಬಿಗಿದರೆ ಎಂಜಿನ್ ಸುಟ್ಟುಹೋಗುತ್ತದೆ. ಗಟ್ಟಿಮರವನ್ನು ಉದ್ದಕ್ಕೆ ಸೀಳಲು ಕನಿಷ್ಠ 70 ಸಿಸಿ ಬೇಕು. ಎರಡು ಅಡಿ ಅಗಲಕ್ಕೆ ಹೋಗುವುದಾದರೆ 90 ಸಿಸಿಯ ಮೇಲಿರಬೇಕು. ಚೈನೂ ಬೇರೆ: ಅಡ್ಡ ಕಡಿಯುವ ಚೈನಿನ ಹಲ್ಲಿಗೆ 30 ಡಿಗ್ರಿಯ ಓರೆಯಿದ್ದರೆ ಉದ್ದಕ್ಕೆ ಸೀಳುವ ಚೈನಿಗೆ ಸುಮಾರು 10 ಡಿಗ್ರಿ ಸಾಕು. ಸ್ಟಿಲ್, ಹಸ್ಕ್‌ವಾರ್ನಾ ಮುಂತಾದ ಕಂಪನಿಗಳ ದೊಡ್ಡ ಯಂತ್ರಗಳಿಗೆ ಇಂಥ ಚೈನು ಸಿಗುತ್ತದೆ. ಮೊದಲ ಕೊಯ್ತಕ್ಕೆ ಮರದ ಮೇಲೆ ನೇರವಾದ ಆಧಾರ ಬೇಕು. ನಾನು ಅಲ್ಯೂಮಿನಿಯಂ ಏಣಿಯನ್ನು ದಿಮ್ಮಿಗೆ ಬಿಗಿದು ಅದರ ಮೇಲೆ ಚೌಕಟ್ಟನ್ನು ಸರಿಸುತ್ತೇನೆ.

ಅದರ ದೋಷ ಬೆನ್ನಿಗೆ ಗೊತ್ತು. ಬಗ್ಗಿ, ಮಂಡಿಯೂರಿ, ಹೊಗೆ ಕುಡಿಯುತ್ತ ಎರಡು ಅಡಿ ಅಗಲದ ಎಂಟು ಹತ್ತು ಹಲಗೆ ತೆಗೆಯುವಷ್ಟರಲ್ಲಿ ನನ್ನ ದಿನ ಮುಗಿಯುತ್ತಿತ್ತು. ಹಿಂದೆ ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಎರಡಾಳಿನ ಗರಗಸದಲ್ಲಿ ಕೊಯ್ಯುತ್ತಿದ್ದವರನ್ನು ನೆನೆದು ಸುಮ್ಮನಾಗುತ್ತಿದ್ದೆ.

ಮರ ಮಿಲ್ಲಿಗೋ, ಮಿಲ್ಲು ಮರಕ್ಕೋ

ಎರಡು ಅಡಿ ವ್ಯಾಸದ ಹತ್ತು ಅಡಿ ಹಸಿ ದಿಮ್ಮಿ ಎಂದರೆ ಮೂವತ್ತೊಂದು ಘನ ಅಡಿ; ಹಲಸಾದರೆ ಏಳು ಎಂಟು ಕ್ವಿಂಟಾಲು ತೂಗುತ್ತದೆ. ಅದನ್ನು ಬೈಲಿನಿಂದ ಬೆಟ್ಟಿಗೆ ಏರಿಸುವ ಖರ್ಚನ್ನು ಲೆಕ್ಕ ಹಾಕದೆ ಬ್ಯಾಂಡ್‌ಸಾ ಮಿಲ್ಲು ತರಬಾರದು. ಬ್ಯಾಂಡ್‌ಸಾ ಮಿಲ್ಲು ಸಾಗಿಸಬಹುದಾದದ್ದು ಎಂದರೆ ಪಿಕಪ್ಪಿನಲ್ಲಿ ಹೇರಿ ಇನ್ನೊಂದು ಕಡೆ ಇಳಿಸಬಹುದು ಎಂದಷ್ಟೇ ಅರ್ಥ. ಇಳಿಸಿದಲ್ಲಿ ಇಪ್ಪತ್ತು ಅಡಿ ಉದ್ದದ ಸಮತಟ್ಟು ಜಾಗ, ದಿಮ್ಮಿ ಉರುಳಿಸಲು ಒಂದು ಬದಿ, ಹಲಗೆ ಎತ್ತಿಡಲು ಇನ್ನೊಂದು ಬದಿ ಬೇಕು. ನಮ್ಮ ಕಡೆಯ ಮನೆಗಳಲ್ಲಿ ಅಂಗಳ ಬಿಟ್ಟರೆ ಅಂಥ ಜಾಗ ಸಿಗುವುದು ಕಷ್ಟ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ.

ಹಳಿ ಸಮವಾಗಿಲ್ಲದಿದ್ದರೆ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ನಾನು ಮುರಕಲ್ಲುಗಳನ್ನು ನೆಲದಲ್ಲಿ ಅರ್ಧ ಹೂತು, ಮೇಲೆ ಗಟ್ಟಿಮರದ ತುಂಡಿಟ್ಟು, ಗಾರೆಯವರು ಬಳಸುವ ನೀರಿನ ಪೈಪಿನ ಲೆವೆಲ್ ಹಿಡಿದು ಹಾಸನ್ನು ಕೂರಿಸಿದೆ. ಮೊದಲ ದಿಮ್ಮಿ ಏರಿದ ಕೂಡಲೇ ಒಂದು ಮೂಲೆ ಮಣ್ಣಿನಲ್ಲಿ ಕುಸಿಯಿತು. ಆದ್ದರಿಂದ ಹಾಸಿನ ಕಾಲಿಗೆ ತಿರುಪು ಇದ್ದು ಎತ್ತರ ಹೊಂದಿಸಲು ಬರುವ ಯಂತ್ರವನ್ನೇ ನೋಡಿ; ಬೆಸುಗೆ ಹಾಕಿದ ಕಾಲು ನಮ್ಮ ಮಣ್ಣಿಗೆ ಹೇಳಿ ಮಾಡಿಸಿದ್ದಲ್ಲ. ದಿಮ್ಮಿ ಏರಿಸಲು ದುಬಾರಿ ಹೈಡ್ರಾಲಿಕ್ ಬೇಕಾಗಿಲ್ಲ. ಎರಡು ಅಡಿಕೆ ಮರದ ದಬ್ಬೆಯಲ್ಲ, ಗಟ್ಟಿಮರದ ಎರಡು ಕಂಬಗಳನ್ನು ಇಳಿಜಾರಾಗಿ ಒರಗಿಸಿ, ದಿಮ್ಮಿಯ ಅಡಿಯಿಂದ ಹಗ್ಗ ಸುತ್ತಿ ಎದುರು ಬದಿಯಿಂದ ಎಳೆದರೆ ದಿಮ್ಮಿ ಉರುಳಿಕೊಂಡು ಹತ್ತುತ್ತದೆ, ಎಳೆಯಲು ಒಂದು ಚೈನ್ ಬ್ಲಾಕ್ ಇದ್ದರೆ ಇಬ್ಬರು ಸಾಕು. ಎಳೆಯುವಾಗ ದಿಮ್ಮಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ಬ್ಯಾಂಡ್‌ಸಾ ಮಿಲ್ಲನ್ನೇ ಕೊಳ್ಳುವುದಾದರೆ

ಅಮೆರಿಕದಲ್ಲಿ 1982ರಲ್ಲಿ ಶುರುವಾದ ವುಡ್‌ಮೈಜರ್ ಕಂಪನಿ ಈ ಬಗೆಯ ಯಂತ್ರಕ್ಕೆ ಹೆಸರಾದದ್ದು. ಚೀನಾದ ಅಗ್ಗದ ಯಂತ್ರಗಳೂ, ನಮ್ಮಲ್ಲಿಯೇ ವರ್ಕ್‌ಶಾಪುಗಳು ಬೆಸೆದು ಕೊಡುವ ಯಂತ್ರಗಳೂ ಇವೆ. ಹೆಸರಿಗಿಂತ ನಾಲ್ಕು ಭಾಗಗಳನ್ನು ಕೈಯಿಂದ ಮುಟ್ಟಿ ನೋಡುವುದು ಮೇಲು. ಬ್ಲೇಡು ಸುತ್ತುವ ಎರಡು ಚಕ್ರಗಳನ್ನು ಬ್ಲೇಡಿಲ್ಲದೆ ತಿರುಗಿಸಿ, ಅಂಚು ಓಲಾಡುತ್ತದೆಯೇ ನೋಡಿ. ಗರಗಸದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಟಕ್ ಎಂದು ಸದ್ದಾದರೆ ಆ ಸಡಿಲವೆಲ್ಲ ಹಲಗೆಯ ಮೇಲೆ ಅಲೆಯಾಗಿ ಮೂಡುತ್ತದೆ. ಬ್ಲೇಡಿನ ಬಿಗಿತ ಅಳೆಯುವ ಮಾಪಕ ಇದೆಯೇ, ಅಥವಾ “ಅಂದಾಜಿಗೆ ಬಿಗಿಯಿರಿ” ಎನ್ನುತ್ತಾರೆಯೇ ಕೇಳಿ. ಎತ್ತರದ ಅಳತೆಪಟ್ಟಿಯಲ್ಲಿ ಇಂಚೂ ಮಿಲಿಮೀಟರೂ ಎರಡೂ ಇರಲಿ, ಏಕೆಂದರೆ ಆಚಾರ್ರು ಈಗಲೂ ಇಂಚು ಮತ್ತು ನೂಲಿನಲ್ಲೇ ಮಾತಾಡುತ್ತಾರೆ. ಒಂದು ನೂಲೆಂದರೆ ಇಂಚಿನ ಎಂಟರಲ್ಲೊಂದು ಪಾಲು. ಒಣಗುವಾಗ ಕುಗ್ಗುವುದಕ್ಕೂ ಕೀಸುಳಿ ಹೊಡೆಯುವುದಕ್ಕೂ ಒಂದು ಇಂಚಿನ ಹಲಗೆಯನ್ನು ಒಂದು ನೂಲು ಹೆಚ್ಚಾಗಿಯೇ ಕೊಯ್ಯಬೇಕು.

ಬ್ಲೇಡು 32 ಮಿಲಿಮೀಟರ್ ಅಗಲದ್ದು ರೂಢಿಯ ಅಳತೆ. ಹಲ್ಲಿನ ಬಾಗು 10 ಡಿಗ್ರಿ ಇರುವುದು ಮಾವು, ಅಕೇಶಿಯಾ, ಹಸಿ ಹಲಸಿಗೆ ಒಗ್ಗುತ್ತದೆ. ಗಟ್ಟಿಮರಕ್ಕೆ 7 ಅಥವಾ 4 ಡಿಗ್ರಿಯದನ್ನು ಕೇಳಿ. ಹಲಗೆ ಅಲೆಅಲೆಯಾಗಿ ಬರುತ್ತಿದ್ದರೆ ಎಂಜಿನ್ನನ್ನು ಬೈಯುವ ಮೊದಲು ಬ್ಲೇಡು ಮೊಂಡಾಗಿದೆಯೇ, ಸಡಿಲವಾಗಿದೆಯೇ, ತಳ್ಳುವ ವೇಗ ಹೆಚ್ಚಾಯಿತೇ ನೋಡಬೇಕು. ಹತ್ತರಲ್ಲಿ ಒಂಬತ್ತು ಸಲ ಕಾರಣ ಅಲ್ಲಿಯೇ ಇರುತ್ತದೆ. ಹಲಸಿನ ಮೇಣಕ್ಕೆ ಬ್ಲೇಡಿನ ಮೇಲೆ ಹನಿಹನಿಯಾಗಿ ನೀರು ಬೀಳಿಸುವ ಸಣ್ಣ ಟ್ಯಾಂಕು ಯಂತ್ರದಲ್ಲಿರಬೇಕು. ನೀರಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿದರೆ ಮೇಣ ಅಂಟದು. ಕೆಲವರು ಡೀಸೆಲ್ ಹಾಕುತ್ತಾರೆ. ಅದರ ವಾಸನೆ ಹಲಗೆಯಿಂದ ಬೇಗ ಹೋಗುವುದಿಲ್ಲ.

ಇನ್ನು ಮೊಳೆಯ ವಿಷಯ. ನಾನು ಬ್ಯಾಂಡ್‌ಸಾದಲ್ಲಿ ಕೊಯ್ದ ಮೊದಲ ಹಲಸು ಬೇಲಿಯ ಹಳೆಯ ತಡಮೆಯ ಪಕ್ಕದ್ದು. ಮೂರನೆಯ ಹಲಗೆ ಅರ್ಧಕ್ಕೆ ಬಂದಾಗ ಕಿರ್ರೆಂದು ಸದ್ದಾಗಿ, ಒಂದು ಕಿಡಿ ಹಾರಿ, ಬ್ಲೇಡು ಚಕ್ರದಿಂದ ಕಳಚಿ ನಿಂತಿತು. ಹಲಗೆಯನ್ನು ಎತ್ತಿ ನೋಡಿದರೆ ಹಳದಿ ಮರದ ನಡುವೆ ಅಂಗೈಯಗಲ ನೀಲಿಗಪ್ಪು ಕಲೆ. ಅದರ ಮಧ್ಯದಲ್ಲಿ ಮುಳ್ಳುತಂತಿಯ ಒಂದು ಗಂಟು. ಬೇಲಿಯ ತಂತಿಯನ್ನು ಬಡಿದವರು ಯಾರೋ, ಮರ ಅದನ್ನು ನುಂಗಿ ಮೂವತ್ತು ನಲವತ್ತು ವರ್ಷವಾಗಿರಬೇಕು. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ ಮಾತ್ರವಾದ್ದರಿಂದ ನಾಲ್ಕು ಅಡಿ ಎತ್ತರದಲ್ಲಿ ಹೊಡೆದ ಮೊಳೆ ನೂರು ವರ್ಷವಾದರೂ ನಾಲ್ಕೇ ಅಡಿಯಲ್ಲಿರುತ್ತದೆ, ಒಳಗೆ ಹುದುಗುತ್ತದೆ ಅಷ್ಟೆ. ಹಾಗಾಗಿ ಬುಡದಿಂದ ಏಳು ಅಡಿಯವರೆಗಿನ ತುಂಡೇ ಅಪಾಯದ್ದು, ದುರದೃಷ್ಟವಶಾತ್ ಒಳ್ಳೆಯ ಹಲಗೆ ಬರುವುದೂ ಅದರಲ್ಲೇ. ಕೈಯಲ್ಲಿ ಹಿಡಿಯುವ ಸಣ್ಣ ಲೋಹಶೋಧಕವನ್ನು ಯಂತ್ರದ ಜೊತೆಗೇ ಕೊಳ್ಳಿ. ಹಾಳಾಗದೆ ಉಳಿಯುವ ಬ್ಲೇಡುಗಳಲ್ಲೇ ಅದರ ಬೆಲೆ ಬೇಗ ಹುಟ್ಟುತ್ತದೆ. ಬೇಲಿ, ರಸ್ತೆ, ಅಂಗಡಿಯ ಬದಿಯ ಮರಗಳನ್ನು ಚೈನ್‌ಸಾಗೆ ಬಿಡಿ. ಮೊಂಡಾದ ಚೈನನ್ನು ಅರ ಹಾಕಿ ಹರಿತ ಮಾಡಿಕೊಳ್ಳಬಹುದು.

ಎಂಜಿನ್ ಗಾಳಿಯಿಂದ ತಣಿಯುವ ಪೆಟ್ರೋಲ್ ಎಂಜಿನ್ನಾಗಿದ್ದು, ನಮ್ಮ ಗಟ್ಟಿಮರಗಳಿಗೆ 13ರಿಂದ 15 ಎಚ್‌ಪಿ ಇದ್ದರೆ ಒಳಿತು. 9 ಎಚ್‌ಪಿಯಲ್ಲೂ ಕೊಯ್ಯಬಹುದು, ತಾಳ್ಮೆ ಹೆಚ್ಚು ಬೇಕು. ಕರೆಂಟಿನ ಮೋಟಾರು ಅಗ್ಗ, ಸದ್ದೂ ಕಡಿಮೆ, ಆದರೆ ಅದಕ್ಕೆ ತ್ರಿಫೇಸ್ ಸಂಪರ್ಕ ಬೇಕು ಮತ್ತು ಮಿಲ್ಲು ತಂತಿಯ ಉದ್ದದಾಚೆಗೆ ಹೋಗದು. ತೋಟದ ಪಂಪಿಗೆಂದು ಮೆಸ್ಕಾಂ ಕೊಟ್ಟ ಸಂಪರ್ಕದಿಂದ ಗರಗಸ ಓಡಿಸುವ ಯೋಚನೆ ಬೇಡ, ಅದು ನೀರಾವರಿಗೆ ಮಾತ್ರ ಕೊಟ್ಟದ್ದು.

ಬೆಲೆ ಮಾತಾಡುವಾಗ ಯಂತ್ರದ ಜೊತೆಗೆ ಹತ್ತು ಬ್ಲೇಡು, ಸಾಣೆ ಹಿಡಿಯುವ ಯಂತ್ರ, ಹಲ್ಲಿಗೆ ಸೆಟ್ ಕೊಡುವ (ಹಲ್ಲುಗಳನ್ನು ಎಡಕ್ಕೂ ಬಲಕ್ಕೂ ತುಸು ಬಾಗಿಸುವ) ಸಲಕರಣೆ ಇವನ್ನೆಲ್ಲ ಸೇರಿಸಿಯೇ ಕೇಳಿ. ಬ್ಲೇಡಿನ ಉದ್ದ ಬೇರೆ ಯಂತ್ರಗಳಿಗೂ ಹೊಂದುವಂಥದ್ದೇ, ಅಥವಾ ಆ ಒಬ್ಬ ವ್ಯಾಪಾರಿಯಿಂದಲೇ ಕೊಳ್ಳಬೇಕಾದದ್ದೇ ಎಂಬುದನ್ನು ತಿಳಿದುಕೊಳ್ಳಿ. ನನಗೆ ಯಂತ್ರ ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬೇರಿಂಗೂ ಬೆಲ್ಟೂ ಸಿಕ್ಕಿದವು, ಆ ಉದ್ದದ ಬ್ಲೇಡು ಮಾತ್ರ ಎಲ್ಲೂ ಸಿಗದೆ ಎರಡು ತಿಂಗಳು ಯಂತ್ರ ಸುಮ್ಮನಿತ್ತು. ಸಾಣೆ ಹಿಡಿಯುವುದು, ದಿಮ್ಮಿಯನ್ನು ಯಾವ ಮುಖದಿಂದ ತೆರೆಯಬೇಕೆಂಬುದು ಇವೆಲ್ಲ ಕಲಿಯಬೇಕಾದ ಕೆಲಸಗಳು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರಗೆಲಸದ ತರಬೇತಿ ನಡೆಸುತ್ತದೆ.

ಸಾಧ್ಯವಾದರೆ ನಿಮ್ಮದೇ ಒಂದು ಗಟ್ಟಿಮರದ ತುಂಡನ್ನು ಒಯ್ದು ಕೊಯ್ಯಿಸಿ ನೋಡದೆ ಹಣ ಕೊಡಬೇಡಿ. ಪ್ರದರ್ಶನಕ್ಕೆ ಅವರು ಇಡುವ ತುಂಡು ಯಾವಾಗಲೂ ಮೆತ್ತಗಿನ ಮರದ್ದೇ ಆಗಿರುತ್ತದೆ. ಎರಡನೆಯ ಮತ್ತು ಐದನೆಯ ಹಲಗೆಗಳ ದಪ್ಪವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆಯಿರಿ. ವ್ಯತ್ಯಾಸ ಎರಡು ಮಿಲಿಮೀಟರ್ ದಾಟಿದರೆ ಕಾರಣ ಕೇಳಿ, ಸರಿಪಡಿಸಿ ಮತ್ತೆ ಕೊಯ್ಯಲು ಹೇಳಿ. ಆ ಹೊತ್ತಿನಲ್ಲಿ ಅವರು ಸಿಡುಕಿದರೆ ಮುಂದೆ ರಿಪೇರಿಗೂ ಅವರೇ ಬರಬೇಕೆಂಬುದನ್ನು ನೆನಪಿಡಿ.

ಮೈಮೇಲಿನ ಬಟ್ಟೆಯ ಬಗ್ಗೆಯೂ ಒಂದು ಮಾತು. ಮುಂಡು ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ತೋಟದ ಎಲ್ಲ ಕೆಲಸ ಮಾಡುವುದು ನಮ್ಮ ರೂಢಿ. ತಿರುಗುವ ಬ್ಲೇಡಿನ ಬಳಿ ಮಾತ್ರ ಅದು ಸಲ್ಲದು. ಪ್ಯಾಂಟು, ಬೂಟು, ಕನ್ನಡಕ, ಕಿವಿ ಮುಚ್ಚುವ ಸಾಧನ ಬೇಕೇ ಬೇಕು. ಮರದ ಹುಡಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಒಳ್ಳೆಯ ಮಾಸ್ಕನ್ನೂ ಖರ್ಚಿಗೆ ಸೇರಿಸಿ.

ಹಂಚಿಕೊಳ್ಳುವುದು, ಎತ್ತಿಡುವುದು

ಮೂರು ನಾಲ್ಕು ಮನೆಯವರು ಸೇರಿ ಒಂದು ಬ್ಯಾಂಡ್‌ಸಾ ಮಿಲ್ಲು ಕೊಂಡರೆ ಎಲ್ಲರಿಗೂ ಹಗುರ ಎಂಬ ಮಾತು ಬರುತ್ತದೆ, ಲೆಕ್ಕಕ್ಕೆ ಅದು ಸರಿಯೂ ಹೌದು. ಆದರೆ ನೆರೆಯವರ ಮರವನ್ನು ಕೂಲಿ ಪಡೆದು ಕೊಯ್ದ ಕ್ಷಣ ಅದು ಮನೆಬಳಕೆಯಲ್ಲ, ವ್ಯವಹಾರ. ಆದ್ದರಿಂದ ಅರಣ್ಯ ಇಲಾಖೆಗೆ ಕೊಡುವ ಅರ್ಜಿಯಲ್ಲಿಯೇ ಎಲ್ಲರ ಹೆಸರು ಮತ್ತು ಸರ್ವೆ ನಂಬರು ಇರಲಿ. ಮಿಲ್ಲು ಹಂಚಿಕೊಂಡ ನಮ್ಮ ನಡುವೆ ಇನ್ನೊಂದು ಒಪ್ಪಂದವೂ ಇದೆ: ಯಾರ ಮರದಲ್ಲಿ ಮೊಳೆ ಸಿಗುತ್ತದೋ ಅವರು ಹೊಸ ಬ್ಲೇಡು ತಂದುಕೊಡಬೇಕು. ಈ ನಿಯಮ ಬಂದ ಮೇಲೆ ಲೋಹಶೋಧಕಕ್ಕೆ ಬೇಡಿಕೆ ಹೆಚ್ಚಿತು.

ನಮ್ಮಲ್ಲಿ ಮಿಲ್ಲು ಓಡುವುದು ದೀಪಾವಳಿಯ ನಂತರ, ನಿಲ್ಲುವುದು ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ. ಮಳೆಗಾಲದಲ್ಲಿ ಕೊಯ್ದ ಹಲಗೆ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ, ಹಾಸಿನ ಕಾಲು ಕೆಸರಿನಲ್ಲಿ ಇಳಿಯುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆದು, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಬೇಕು, ಏಕೆಂದರೆ ಈಗಿನ ಎಥೆನಾಲ್ ಬೆರೆತ ಪೆಟ್ರೋಲು ನಮ್ಮ ಮಳೆಗಾಲದ ಗಾಳಿಯಿಂದ ನೀರನ್ನು ಎಳೆದುಕೊಂಡು ನಾಲ್ಕು ತಿಂಗಳಲ್ಲಿ ಕಾರ್ಬ್ಯುರೇಟರನ್ನು ಕೆಡಿಸುತ್ತದೆ. ಬ್ಲೇಡನ್ನು ಕಳಚಿ ಎಣ್ಣೆ ಸವರಿ ಅಟ್ಟಕ್ಕೇರಿಸಿ, ಹಳಿಗೆ ಗ್ರೀಸು ಬಳಿದು, ಯಂತ್ರವನ್ನು ಮಾಡಿನ ಅಡಿಯಲ್ಲಿ ಗಾಳಿಯಾಡುವಂತೆ ಇಡಿ. ಟಾರ್ಪಾಲನ್ನು ಮೈಗೆ ಬಿಗಿದು ಕಟ್ಟಿದರೆ ಒಳಗೆ ಬೆವರಿ ಹೊರಗಿಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ.